ಭುಜದ ಮೂಳೆಗೆ ಮೂಗುದಾರ

ಚಿಕ್ಕಮಗಳೂರಿನ ಮೂಳೆ ಡಾಕ್ಟರಿಗೆ ಭುಜದ ಮುರಿತ ಎರಡು ಸೀಸನ್ನಿನಲ್ಲಿ ಬರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿದ ಅಜ್ಜಿಯರು. ಮೆಣಸು ಕೊಯ್ಲಿನಲ್ಲಿ ಸಿಲ್ವರ್ ಓಕ್‌ಗೆ ಒರಗಿಸಿದ ಏಣಿಯಿಂದ ಬಿದ್ದವರು.

ಅಜ್ಜಿಯರಲ್ಲಿ ಹೆಚ್ಚಿನವರಿಗೆ ನಾನು ಆಪರೇಷನ್ ಮಾಡುವುದಿಲ್ಲ. ಕೈಗೆ ಜೋಲಿ, ಎರಡು ಮೂರು ವಾರ ಬಿಟ್ಟು ವ್ಯಾಯಾಮ. ಬ್ರಿಟನ್ನಿನಲ್ಲಿ ಇದೇ ಮೂಳೆ ಮುರಿದು ಸರಿದಿದ್ದ 250 ಜನರನ್ನು ಎರಡು ವರ್ಷ ಗಮನಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಆಪರೇಷನ್‌ಗೂ ಜೋಲಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮಗ ಕೇಳಬೇಕಲ್ಲ! "ದುಡ್ಡಿನ ಮುಖ ನೋಡ್ಬೇಡಿ ಸರ್, ಪ್ಲೇಟ್ ಹಾಕ್ಬಿಡಿ" ಅನ್ನುತ್ತಾನೆ.

ಹಿಂದೆ ಒಮ್ಮೆ ಹಾಗೇ ಒಪ್ಪಿ ಹಾಕಿದ್ದೆ. ಎಪ್ಪತ್ತು ದಾಟಿದವರು. ಎಕ್ಸ್‌ರೇ ಚೆನ್ನಾಗಿತ್ತು. ಆರನೇ ವಾರ ನೋಡಿದರೆ ತೋಳಿನ ಮೂಳೆಯ ತಲೆ, ಅಂದರೆ ಭುಜದ ಕೀಲಿನಲ್ಲಿ ಕೂರುವ ಗುಂಡು, ಒಳಕ್ಕೆ ವಾಲಿ, ಸ್ಕ್ರೂ ತುದಿಗಳು ಹೊರಬಂದು ಕೀಲನ್ನು ಉಜ್ಜುತ್ತಿದ್ದವು. ಎಲ್ಲ ಬಿಚ್ಚಬೇಕಾಯಿತು. ತಪ್ಪು ನನ್ನದೇ. ಟೊಳ್ಳು ತಲೆಯಲ್ಲಿ ಬರೀ ಸ್ಕ್ರೂ ನಂಬಿದ್ದೆ.

ಈಗ ಮೊದಲು ದಾರ, ಆಮೇಲೆ ಪ್ಲೇಟು. ಹೋದ ಕೊಯ್ಲಿನಲ್ಲಿ ಬಿದ್ದ ನಲವತ್ತೈದರ ಒಬ್ಬರದು ಮೂರು ತುಂಡಾಗಿತ್ತು. ಅವರಿಗೆ ಜೋಲಿ ಸಾಲದು ಅಂತ ನನಗನ್ನಿಸಿತು. ಎದೆಯ ಸ್ನಾಯುವಿಗೂ ಭುಜದ ಸ್ನಾಯುವಿಗೂ ನಡುವೆ ನೀಲಿ ರಕ್ತನಾಳವೊಂದಿದೆ. ಅದೇ ನನಗೆ ದಾರಿ. ಕರಗದ ದಪ್ಪ ದಾರವನ್ನು ಮೂಳೆಗಲ್ಲ, ಸ್ನಾಯುರಜ್ಜು ಮೂಳೆಗೆ ಅಂಟುವ ಜಾಗಕ್ಕೇ ಪೋಣಿಸಿದೆ. ಅಲ್ಲಿ ಮೂಳೆಗಿಂತ ರಜ್ಜುವೇ ಗಟ್ಟಿ. ಎಳೆದರೆ ತುಂಡುಗಳು ಮೂಗುದಾರ ಹಿಡಿದ ಎತ್ತಿನಂತೆ ಹಿಂದೆಯೇ ಬರುತ್ತವೆ.

ಪ್ಲೇಟನ್ನು ಮೂಳೆಯ ಗುಬುಟಿನ ತುದಿಗಿಂತ ಐದರಿಂದ ಎಂಟು ಮಿಲಿಮೀಟರ್ ಕೆಳಗಿಟ್ಟೆ. ಮೇಲೆ ಹೋದರೆ ಕೈ ಎತ್ತುವಾಗ ತಗಲುತ್ತದೆ. ತಲೆ ವಾಲದಂತೆ ಕೆಳಗಿನ ಒಳಮಗ್ಗುಲಿಗೆ ಎರಡು ಸ್ಕ್ರೂ. ಹಳೇ ಕೇಸಿನಲ್ಲಿ ಇದನ್ನೂ ಬಿಟ್ಟಿದ್ದೆ. ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಕೆಳಗೆ ಕೈ ತಿರುಗಿಸಿ ಪ್ರತಿ ತುದಿಯನ್ನೂ ನೋಡಿ, ದಾರಗಳನ್ನು ಪ್ಲೇಟಿನ ತೂತುಗಳಿಗೆ ಬಿಗಿದೆ.

ತಲೆಯೇ ಪುಡಿಯಾಗಿದ್ದರೆ, ವಯಸ್ಸೂ ಜಾಸ್ತಿಯಾಗಿದ್ದರೆ, ರಿವರ್ಸ್ ಕೀಲು ಬದಲಾವಣೆ ಇದೆ. ಗುಂಡು ಭುಜದ ಗುಳಿಗೆ, ಬಟ್ಟಲು ತೋಳಿಗೆ, ಅಂದರೆ ದೇವರು ಇಟ್ಟಿದ್ದಕ್ಕೆ ತದ್ವಿರುದ್ಧ. ಅದನ್ನು ದಿನಾ ಮಾಡುವವರ ಹತ್ತಿರ ಕಳಿಸುತ್ತೇನೆ.

ಏಣಿಯಿಂದ ಬಿದ್ದಿದ್ದ ಆ ನಲವತ್ತೈದರವರು ನಾಲ್ಕು ತಿಂಗಳಿಗೆ ಬಂದು ಕೈ ಎತ್ತಿ ಕಿವಿ ದಾಟಿಸಿದರು. ಬೆನ್ನ ಹಿಂದಕ್ಕೆ ಮಾತ್ರ ಸೊಂಟದವರೆಗೆ. "ಏಣಿ ಯಾವಾಗ ಹತ್ತಲಿ ಡಾಕ್ಟ್ರೇ?" ಅಂದರು. ಪಕ್ಕದಲ್ಲಿದ್ದ ಹೆಂಡತಿ ನನಗಿಂತ ಮೊದಲೇ ಉತ್ತರ ಕೊಟ್ಟರು.