ಎರಡೇ ಸೈಜ್ ಶಾಫ್ಟಿನ್ಯಾಗ ಲ್ಯಾಬ್ ನಡಸಾಕತ್ತೀನಿ: ನನ್ನ ಅನುಭವ

ಶಾಲಿ ಹುಡುಗ್ರ ರೋಬೋಟಿಗೆ ಆರು ಎಂಎಂ, ಎಂಟು ಎಂಎಂ ಎರಡೇ ಶಾಫ್ಟ್ (ಗಾಲಿ ತಿರುಗಿಸೋ ಸರಳು) ಸಾಕು ಅಂತ ನಾ ಅಂದಾಗ ನಮ್ಮ ಕೊಪ್ಪಳ ಕಡಿ ಲ್ಯಾಬ್ ನೋಡ್ಕೊಳ್ಳೋ ಗೆಳ್ಯಾರೆಲ್ಲ ನಕ್ಕಿದ್ರು. ಹೆಕ್ಸ್ (ಆರು ಮೂಲಿ ಶಾಫ್ಟ್) ಇಲ್ದ ಹೆಂಗ್ರಿ ಸರ್, ರೌಂಡ್ ಶಾಫ್ಟ್ ಸ್ಲಿಪ್ ಆಗೇ ಆಗ್ತೈತಿ ಅಂದ್ರು. ಈಗ ಎರಡು ವರ್ಷ ಆಗಾಕ ಬಂತು, ನಕ್ಕೋರ ಪೈಕಿ ಇಬ್ರು ನನ್ನ ಹತ್ರಾನ ಹಬ್ (ಗಾಲಿನ ಶಾಫ್ಟಿಗೆ ಕೂಡ್ಸೋ ತುಣುಕು) ಕೇಳಿ ಒಯ್ತಾರ.

ಮೊದ್ಲು ನಮ್ಮ ಡಬ್ಬಿ ನೋಡಬೇಕಿತ್ರಿ. ಹಳದಿ ಬಿಓ ಮೋಟರ್ (ಸಸ್ತಾ ಪ್ಲಾಸ್ಟಿಕ್ ಗೇರ್ ಮೋಟರ್) ಶಾಫ್ಟ್ ಐದೂವರಿ ಎಂಎಂ ಹತ್ರ, ಎರಡೂ ಕಡಿ ಫ್ಲಾಟ್. ಎನ್20 ಅನ್ನೋ ಸಣ್ಣ ಮೋಟರಿಂದು ಮೂರು ಎಂಎಂ ಡಿ ಶಾಫ್ಟ್, ಒಂದಾ ಕಡಿ ಫ್ಲಾಟ್. ಯಾರೋ ದಾನ ಕೊಟ್ಟ ಹಳೆ ವೆಕ್ಸ್ ರೋಬೋಟ್ ಕಿಟ್ಟಿನ್ಯಾಗ ಒಂದು ಬೈ ಎಂಟು ಇಂಚಿನ ಚೌಕ ಶಾಫ್ಟ್, ಲೆಗೋದ್ದು ಪ್ಲಸ್ ಆಕಾರದ್ದು. ಗಾಲಿ ರಗಡ ಅದಾವ, ಯಾವುದೂ ಯಾವುದಕ್ಕೂ ಹತ್ತಂಗಿಲ್ಲ. ಅದರ ಮ್ಯಾಲ ಒಬ್ಬ ಸಪ್ಲೈಯರ್ ಆರು ಎಂಎಂ ಅಂತ ಹೇಳಿ ಕಾಲಿಂಚಿನ ಹಬ್ ಕಳಿಸಿದ. ಕಾಲಿಂಚು ಅಂದ್ರ 6.35 ಎಂಎಂ. ಗ್ರಬ್ ಸ್ಕ್ರೂ (ಹಬ್ಬಿನ ಪಕ್ಕದಿಂದ ಶಾಫ್ಟ್ ಒತ್ತೋ, ತಲಿ ಇಲ್ಲದ ಸ್ಕ್ರೂ) ಬಿಗಿದ್ರ ಹಿಡಿತೈತಿ ಖರೆ, ಆದ್ರ ಶಾಫ್ಟ್ ಒಂದು ಕಡಿ ಸರದು ಗಾಲಿ ಕುಣ್ಯಾಕ ಹತ್ತತೈತಿ. ಫೋನ್ ಹಚ್ಚಿದ್ರ ಎರಡೂ ಒಂದಾ ಸರ್ ಅಂದ. ಹಿಂಗ ಡಬ್ಬಿ ಸೇರಿದ ಮಾಲು ಏನಿಲ್ಲಂದ್ರೂ ಏಳೆಂಟು ಸಾವಿರದ್ದು ಇರಬೇಕು.

ಆಮ್ಯಾಲ ನಾ ಉಲ್ಟಾ ಲೆಕ್ಕ ಹಾಕಿದೆ. ಶಾಫ್ಟ್ ಬಿಡ್ರಿ, ಸಸ್ತಾ ಬೇರಿಂಗ್ ಯಾವುದು? 608. ಸ್ಕೇಟಿಂಗ್ ಗಾಲಿಯಾಗಿಂದು, ಒಳಗ 8, ಹೊರಗ 22, ದಪ್ಪ 7 ಎಂಎಂ. ಹೋಲ್‌ಸೇಲ್ ತಗೊಂಡ್ರ ಹದಿನೈದಿಪ್ಪತ್ತು ರೂಪಾಯಿಗೆ ಒಂದು ಬೀಳ್ತೈತಿ. ಅಲ್ಲಿಗೆ ಎಂಟು ಫಿಕ್ಸ್ ಆತು. ದೊಡ್ಡ ಹುಡುಗ್ರಿಗೆ ಕೊಡೋ ಜಾನ್ಸನ್ ಮೋಟರ್ ಶಾಫ್ಟ್ ಆರು ಐತಿ, ಅಲ್ಲಿಗೆ ಆರೂ ಫಿಕ್ಸ್. ನಡುವ ಎರಡನ್ನೂ ಕೂಡ್ಸೋ 6-8 ಕಪ್ಲಿಂಗ್. ಬಿಓ ಮೋಟರ್ ಆರನೇತ್ತದವ್ರಿಗೆ ಗೆರಿ ಹಿಡ್ಕೊಂಡು ಓಡೋ ಲೈನ್ ಫಾಲೋವರ್ ಮಾಡಾಕ ಅದರದ ಗಾಲಿ ಜೊತಿ ಬ್ಯಾರೆ ಡಬ್ಬಿಗೆ ಹೋತು, ಮಿಕ್ಸ್ ಮಾಡಂಗಿಲ್ಲ.

ಶಾಫ್ಟ್ ಮಾಡಾಕ ಬೇಕಾದ ರಾಡಿಂದಾ ದೊಡ್ಡ ತಲಿನೋವು. ತ್ರೀಡಿ ಪ್ರಿಂಟರಿಗೆ ಬರೋ ಎಂಟು ಎಂಎಂ ರಾಡ್ ತರಿಸಿದೆ, ಮೀಟರಿಗೆ ನಾನೂರ ಚಿಲ್ರ. ಬೇರಿಂಗಿನ್ಯಾಗ ಬೆಣ್ಣಿ ಹಂಗ ಕುಂತು, ಆದ್ರ ಅದು ಹಾರ್ಡನ್ ಮಾಡಿದ್ದು, ಗ್ರಬ್ ಸ್ಕ್ರೂ ಕಚ್ಚಂಗಿಲ್ಲ, ಫೈಲ್ ಜಾರ್ತೈತಿ. ಕಟ್ ಮಾಡಾಕ ಲೇತ್ ಅಂಗಡಿಗೆ ಒಯ್ದೆ. ನಮ್ಮೂರಾಗ ಲೇತಿನವ್ರು ರೈಸ್ ಮಿಲ್ಲಿನ ತೊಡಿ ದಪ್ಪ ಶಾಫ್ಟ್ ಮಾಡೋರು, ಚಾಚಾ ಇದನ್ನ ನೋಡಿ "ಇದೇನ್ ಮಾಸ್ತರ, ಅಗರಬತ್ತಿ ತಂದೀರಿ?" ಅಂದ. ಒಂದು ಹ್ಯಾಕ್ಸಾ ಬ್ಲೇಡ್ ಹಲ್ಲು ಹೋದಮ್ಯಾಲ ನಗೋದು ಬಿಟ್ಟ. ಬ್ರೈಟ್ ಬಾರ್ (ನುಣ್ಣಗ ಮಾಡಿದ ಮೆತ್ತನ ಉಕ್ಕಿನ ರಾಡ್) ತಗೋ, ಅದು ಸೈಜಿಗೆ ಕೂದಲಷ್ಟು ಕಮ್ಮೀನ ಇರ್ತೈತಿ, ಬೇರಿಂಗಿಗೆ ಹೊಕ್ಕತೈತಿ ಅಂತ ಹೇಳಿಕೊಟ್ಟಿದ್ದು ಅವನಾ. ಕಿಲೋ ಲೆಕ್ಕದಾಗ ಸಿಗ್ತೈತಿ, ಮೀಟರಿಗೆ ಐವತ್ತೂ ಆಗಂಗಿಲ್ಲ. ಕರೇ ರಾಡ್ ಮಾತ್ರ ತಗೋಬ್ಯಾಡ್ರಿ, ಅದು ರೌಂಡೂ ಇರಂಗಿಲ್ಲ, ನೆಟ್ಟಗೂ ಇರಂಗಿಲ್ಲ.

ಸ್ಲಿಪ್ ವಿಷಯ. ಬರೇ ಗ್ರಬ್ ಸ್ಕ್ರೂ ನಂಬಿದ್ರ ಆಗೇ ಆಗ್ತೈತಿ, ಅದು ಸುಳ್ಳಲ್ಲ. ನಾ ಏನ್ ಮಾಡ್ತೀನಿ ಅಂದ್ರ, ವೈಸಿನ್ಯಾಗ ರಾಡ್ ಹಿಡಿದು ಸ್ಕ್ರೂ ಕುಂದ್ರಾಕ ಅರ್ಧ ಎಂಎಂ ಹತ್ರ ಆಳ ಫ್ಲಾಟ್ ಹೊಡಿತೀನಿ, ರಾಡಿನ ತುದಿತನಕ ಒಯ್ಯಂಗಿಲ್ಲ, ತುದಿಗೆ ಮೂರ್ನಾಕು ಎಂಎಂ ರೌಂಡ್ ಬಿಡ್ತೀನಿ, ಸ್ಕ್ರೂ ಸಡ್ಲಾದ್ರೂ ಹಬ್ ಉಚ್ಚಿ ಹೋಗಂಗಿಲ್ಲ. ತೊಂಬತ್ತು ಡಿಗ್ರಿಗೆ ಇನ್ನೊಂದು ಫ್ಲಾಟ್, ಇನ್ನೊಂದು ಎಂ4 ಗ್ರಬ್, ಒಂದು ಹನಿ ನೀಲಿ ಥ್ರೆಡ್ ಲಾಕರ್ (ಸ್ಕ್ರೂ ಸಡ್ಲಾಗದಂಗ ಹಿಡಿಯೋ ಅಂಟು). ಎರಡು ಫ್ಲಾಟ್ ಕರೆಕ್ಟ್ ತೊಂಬತ್ತಕ್ಕ ಬರಾಕ ರಾಡ್ ಹಿಡಿಯೋ ಒಂದು ಜಿಗ್ (ಅಚ್ಚು) ಮಾಡೀನಿ, ಅದನ್ನ ಮಾತ್ರ ತೋರ್ಸಂಗಿಲ್ಲ.

ನಡುವ ಒಂದು ಹುಚ್ಚಾಟನೂ ಆತು. ರೋಬೋಟ್ ಸಾಮಾನು ಮಾಡೋ ಗೋಬಿಲ್ಡಾ ಕಂಪನಿಯವ್ರ ರೆಕ್ಸ್ ಶಾಫ್ಟ್ ಐತಲ್ಲ, ಮೂಲಿ ದುಂಡಗ ಮಾಡಿದ ಹೆಕ್ಸ್, ಎಂಟು ಎಂಎಂ ರೌಂಡ್ ಬೇರಿಂಗಿಗೂ ಹೊಕ್ಕತೈತಿ, ಭಾಳ ಶ್ಯಾಣ್ಯಾ ಐಡಿಯಾ. ನಾನೂ ಬ್ರೈಟ್ ಬಾರಿಗೆ ಮೂರು ಫ್ಲಾಟ್ ಹೊಡದು ಪಿಎಲ್‌ಎ ಪ್ಲಾಸ್ಟಿಕ್ ಹಬ್ ತ್ರೀಡಿ ಪ್ರಿಂಟ್ ಮಾಡಿ ಹಾಕಿದೆ. ಹುಡುಗ್ರು ರೋಬೋಟ್ ಗ್ವಾಡಿಗೆ ಗುದ್ದಿಸಿದ್ರು, ಗಾಲಿ ಜಾಮ್ ಆತು, ಹಬ್ ಲೇಯರಿಗೆ ಸೀಳಿ ಹೋತು. ಪೆಟ್‌ಜಿ ಪ್ಲಾಸ್ಟಿಕ್ ಹಾಕಿದ್ರ ಸೀಳಂಗಿಲ್ಲ, ತೂತು ಸಾವಕಾಶ ಸಡ್ಲ ಆಗ್ತೈತಿ. ಈಗ ಅಲ್ಯೂಮಿನಿಯಂ ಹಬ್ ಚಾಚಾನ ಮಾಡ್ತಾನ, ಹತ್ತು ಒಟ್ಟಿಗೆ ಕೊಟ್ರ ಒಂದಕ್ಕ ಅರವತ್ತು ಎಪ್ಪತ್ತು.

ಆರೇ ಸಾಕಿತ್ತಲ್ಲ, ಎಂಟು ಯಾಕ ಅಂತ ಕೇಳೋರಿಗೆ: ಅಷ್ಟಾ ಉದ್ದ, ಅಷ್ಟಾ ಭಾರಕ್ಕ ಎಂಟರದ್ದು ಆರರ ಮೂರರಾಗ ಒಂದು ಪಾಲು ಅಷ್ಟಾ ಬಗ್ತೈತಿ. ಮೂರ್ನಾಕು ಕಿಲೋ ರೋಬೋಟ್ ಭಾರ ಮೋಟರ್ ಶಾಫ್ಟ್ ಮ್ಯಾಲ ಬಿಟ್ರ ಗೇರ್‌ಬಾಕ್ಸ್ ಬುಷ್ ತಿಂದು ಹೋಗ್ತಾವ, ಐನೂರರ ಮೋಟರ್ ಹಂಗ ಎಷ್ಟು ಸುಟ್ಟೀನಿ ಕೇಳಬ್ಯಾಡ್ರಿ. ಭಾರ ಎರಡು 608 ಹೊರಬೇಕು, ಮೋಟರ್ ಬರೇ ತಿರಗಿಸ್ಬೇಕು.

ಸದ್ಯ ಎಂಟು ಎಂಎಂ ತೂತಿನ ಜಿಟಿ2 ಪುಲ್ಲಿ (ಹಲ್ಲಿನ ಬೆಲ್ಟ್ ಓಡೋ ಗಾಲಿ) ಹಾಕಿ ಒಂದು ಮೋಟರಿಗೆ ಎರಡು ಗಾಲಿ ಎಳಸಾಕತ್ತೀನಿ. ಆರು ಎಂಎಂ ಅಗಲದ ಬೆಲ್ಟ್ ಲೋಡಿಗೆ ಹಲ್ಲು ಹಾರಸ್ತೈತಿ, ಹತ್ತು ಎಂಎಂದು ಆರ್ಡರ್ ಹಾಕೀನಿ.