ಟಿವಿಗೆ ಸೌಂಡ್‌ಬಾರ್ ಸರಿಯಾಗಿ ಹಚ್ಚೋದು ಹೆಂಗ

ನಮ್ಮ ವಿಜಯಪುರದಾಗ ಈಗ ಭಾಳ ಮಂದಿ ಸೌಂಡ್‌ಬಾರ್ (ಟಿವಿಗೆ ಹಚ್ಚೂ ಉದ್ದನ ಸ್ಪೀಕರ್) ತರಾಕತ್ತಾರ, ತಂದವ್ರ ಸೀದಾ ಬ್ಲೂಟೂತ್‌ಗೆ ಹಾಕ್ತಾರ, ಆಮ್ಯಾಲ ಟಿವಿಯಾಗ ತುಟಿ ಮೊದಲ ಅಲ್ಲಾಡ್ತೈತಿ ಮಾತು ಹಿಂದಿಂದ ಬರ್ತೈತಿ ಅಂತಾರ. ಬ್ಲೂಟೂತ್ ಬಿಡ್ರಿ, ಎಚ್‌ಡಿಎಂಐ ಕೇಬಲ್ ಹಚ್ರಿ.

ಟಿವಿ ಹಿಂದ ಎರಡ್ಮೂರು ಎಚ್‌ಡಿಎಂಐ ಪೋರ್ಟ್ ಇರ್ತಾವ, ಅದರಾಗ ಯಾವುದರ ಬಾಜೂಕ ಎಆರ್‌ಸಿ (ARC) ಇಲ್ಲಾ ಇಎಆರ್‌ಸಿ (eARC) ಅಂತ ಸಣ್ಣಗ ಬರದೈತಿ ಅದಕ್ಕ ಹಚ್ಚಬೇಕು, ಟಿವಿ ಸೌಂಡ್ ಹೊರಗ ಕಳಸೂ ಪೋರ್ಟ್ ಅದ, ಮೊಬೈಲ್ ಟಾರ್ಚ್ ಹಿಡದು ನೋಡ್ರಿ, ಬೇರೆದಕ್ಕ ಹಚ್ಚಿದ್ರ ಟಿವಿ ಸೌಂಡ್ ಬಾರ್‌ಗೆ ಹೋಗೂದಿಲ್ಲ. ಬಾರ್ ಕಡೆನೂ ಹಂಗ.

ಆಮ್ಯಾಲ ಟಿವಿ ಸೆಟ್ಟಿಂಗ್ಸ್‌ನಾಗ ಸಿಇಸಿ (CEC, ಒಂದ ರಿಮೋಟ್‌ನಿಂದ ಎರಡೂ ನಡಸೂ ಸೌಲಭ್ಯ) ಆನ್ ಮಾಡ್ರಿ. ಇದಕ್ಕ ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟೈತಿ, ಸ್ಯಾಮ್ಸಂಗ್‌ದಾಗ ಎನಿನೆಟ್ ಪ್ಲಸ್, ಎಲ್‌ಜಿದಾಗ ಸಿಂಪ್ಲಿಂಕ್, ಸೋನಿದಾಗ ಬ್ರಾವಿಯಾ ಸಿಂಕ್. ಇದು ಆನ್ ಆದ್ರ ಟಿವಿ ರಿಮೋಟ್‌ನಿಂದನ ವಾಲ್ಯೂಮ್ ಏರ್ಸಬಹುದು ಇಳಸಬಹುದು, ಮನ್ಯಾಗ ಹಿರ್ಯಾರಿಗೆ ಎರಡು ರಿಮೋಟ್ ಹಿಡಿಯೂ ತ್ರಾಸ ತಪ್ಪತೈತಿ.

ಸೌಂಡ್ ಔಟ್‌ಪುಟ್‌ನಾಗ ಎಚ್‌ಡಿಎಂಐ ಎಆರ್‌ಸಿ ಆರಿಸ್ರಿ. ಡಾಲ್ಬಿ ಅಟ್ಮಾಸ್ (ಸೌಂಡ್ ಸುತ್ತಲೂ, ಮ್ಯಾಲಿಂದನೂ ಬಂದಂಗ ಕೇಳ್ಸೂದು) ಬಾರ್ ಇದ್ರ ಡಿಜಿಟಲ್ ಔಟ್‌ಪುಟ್ ಪಿಸಿಎಂ (PCM, ಸಾದಾ ಸೌಂಡ್) ಮ್ಯಾಲ ಬಿಡಬ್ಯಾಡ್ರಿ, ಆಟೋ ಇಲ್ಲಾ ಪಾಸ್‌ಥ್ರೂ (ಸೌಂಡ್ ಇದ್ದಂಗ ಬಾರ್‌ಗೆ ಕಳಸೂದು) ಇಡ್ರಿ, ಇಲ್ಲಂದ್ರ ರೊಕ್ಕ ಕೊಟ್ಟ ಅಟ್ಮಾಸ್ ಸುಮ್ಮನ ಕುಂದರ್ತೈತಿ.

ಬಾರ್‌ನ ಶೋಕೇಸ್ ಒಳಗ ತುರುಕಬ್ಯಾಡ್ರಿ, ಸೌಂಡ್ ಅಲ್ಲೇ ಗುಂಯ್ ಅಂತೈತಿ, ಟೇಬಲ್ ಮುಂದಿನ ಅಂಚಿಗೆ ಇಡ್ರಿ. ಮಾತು ಸ್ವಚ್ಛ ಕೇಳಬೇಕಂದ್ರ ವಾಯ್ಸ್ ಮೋಡ್ ಹಾಕ್ರಿ.