ಅಡಿಕೆ ಸಿಪ್ಪೆಯ ಇದ್ದಿಲಿನಿಂದ ತೋಟದ ತಾಮ್ರಕ್ಕೆ ಕಡಿವಾಣ: ನನ್ನ ಅನುಭವ

ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಬಿಟ್ಟರೆ ಗತಿಯಿಲ್ಲ ಎಂದು ನಂಬಿ ಬೆಳೆದವರು ನಾವು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಅಡಿಕೆಗೆ ಈ ಔಷಧಿ ಹೊಡೆಸಿ ತೋರಿಸಿದರು. ಮಲೆನಾಡಿನ ಎಷ್ಟೋ ಮನೆಗಳು ಅದರಿಂದಲೇ ಉಳಿದವು. ಆದರೆ ಅಡಿಕೆ ಕೊನೆಯ (ಗೊನೆಯ) ಮೇಲೆ ಬಿದ್ದ ಔಷಧಿ ಮಳೆಗೆ ತೊಳೆದು ಎಲ್ಲಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ನಮ್ಮ ತೋಟಕ್ಕೆ ಎಕರೆಗೆ ಒಂದು ಸಲಕ್ಕೆ 200 ಲೀಟರಿನ ಐದು ಡ್ರಮ್ ಬೇಕು, ಅಂದರೆ ಎರಡೂವರೆ ಕೆಜಿ ತಾಮ್ರ. ಮಳೆಗಾಲದಲ್ಲಿ ಎರಡು ಸಲ ಹೊಡೆದರೆ 5 ಕೆಜಿ. 40 ವರ್ಷಕ್ಕೆ ಎರಡು ಕ್ವಿಂಟಾಲ್! ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಮಣ್ಣಿನ ಸಾವಯವ ಅಂಶಕ್ಕೆ ಅಂಟಿಕೊಂಡು ಬಹುಪಾಲು ಮೇಲ್ಮಣ್ಣಿನಲ್ಲೇ ಕೂತುಬಿಡುತ್ತದೆ.

ತೋಟದ ತಗ್ಗಿನ ಭಾಗದಲ್ಲಿ ಹಳೇ ಮರ ತೆಗೆದು ನೆಟ್ಟ ಸಸಿಗಳು ಮೇಲೇಳಲೇ ಇಲ್ಲ. ಒಂದನ್ನು ಕಿತ್ತು ನೋಡಿದೆ. ಬೇರು ಮೋಟಾಗಿ, ಕಂದು ತಿರುಗಿ, ಸಣ್ಣ ಕವಲೇ ಒಡೆಯದೆ ನಿಂತಿತ್ತು. ಬೇರೆ ಕಡೆ ಗುದ್ದಲಿ ಹಾಕಿದಲ್ಲೆಲ್ಲ ಸಿಗುವ ಎರೆಹುಳು ಅಲ್ಲಿ ಹುಡುಕಿದರೂ ಇಲ್ಲ. ಮಣ್ಣು ಪರೀಕ್ಷೆಗೆ ಕೊಟ್ಟಾಗ ರಸಸಾರ (ಪಿಎಚ್; 7ಕ್ಕಿಂತ ಇಳಿದಷ್ಟೂ ಮಣ್ಣು ಹುಳಿ) 5ರ ಆಸುಪಾಸು ಬಂತು. ಗಿಡಕ್ಕೆ ಸಿಗುವ ರೂಪದ ತಾಮ್ರ 0.2 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂಬ ಲೆಕ್ಕ) ಕಡಿಮೆಯಿದ್ದರೆ ಕೊರತೆ ಎನ್ನುತ್ತಾರೆ; ನಮ್ಮದು ಎರಡಂಕಿ ದಾಟಿತ್ತು. ಹುಳಿ ಮಣ್ಣಿನಲ್ಲಿ ತಾಮ್ರ ಸಡಿಲವಾಗಿ ಬೇರಿಗೆ ಇನ್ನೂ ಸುಲಭವಾಗಿ ಸಿಗುತ್ತದೆ ಎಂಬುದು ಆಗ ಅರ್ಥವಾಯಿತು.

ಇದ್ದಿಲು, ಈಗ ಎಲ್ಲರೂ ಬಯೋಚಾರ್ ಅನ್ನುವ ಅದೇ ವಸ್ತು, ತಾಮ್ರವನ್ನು ಮಣ್ಣಿನಿಂದ ತೆಗೆಯುವುದಿಲ್ಲ. ಅದನ್ನು ಹಿಡಿದಿಡುತ್ತದೆ, ಅಷ್ಟೇ. ಒಳಗಿನ ಲೆಕ್ಕವಿಲ್ಲದಷ್ಟು ರಂಧ್ರಗಳು, ಅವುಗಳ ಮೈಮೇಲಿನ ಋಣ ಆವೇಶ, ಜೊತೆಗೆ ಬೂದಿಯ ಕ್ಷಾರ, ಇವೆಲ್ಲ ಸೇರಿ ತಾಮ್ರವನ್ನು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತವೆ. ಸುಣ್ಣವೂ ಹುಳಿ ಕಡಿಮೆ ಮಾಡುತ್ತದೆ, ನಾನದನ್ನು ಬಿಟ್ಟಿಲ್ಲ. ಆದರೆ ನಮ್ಮ ಮಳೆಗೆ ಸುಣ್ಣದ ಗುಣ ಕೆಲವೇ ವರ್ಷದಲ್ಲಿ ಇಳಿಯುತ್ತದೆ, ಇದ್ದಿಲು ಬಹುಕಾಲ ಮಣ್ಣಿನಲ್ಲಿ ಉಳಿಯುತ್ತದೆ.

ಕಚ್ಚಾ ಮಾಲಿಗೆ ಎಲ್ಲಿಗೂ ಹೋಗಬೇಕಿರಲಿಲ್ಲ. ಸುಗ್ಗಿ ಮುಗಿದ ಮೇಲೆ ರಸ್ತೆ ಬದಿಯಲ್ಲಿ ಗುಡ್ಡೆ ಬಿದ್ದು, ಬೆಂಕಿ ಹಚ್ಚಿದರೆ ಊರಿಗೆಲ್ಲ ಹೊಗೆ ಕವಿಯುವಂತೆ ಮಾಡುವ ಅಡಿಕೆ ಸಿಪ್ಪೆಯೇ ಸಾಕು. ಹಸಿ ಅಡಿಕೆ ಸುಲಿದ ಸಿಪ್ಪೆಯನ್ನು ಅಂಗಳದಲ್ಲಿ ಹರಡಿ ಚೆನ್ನಾಗಿ ಒಣಗಿಸಬೇಕು. ಗೋಟು, ಅಂದರೆ ಹಣ್ಣಾಗಿ ಒಣಗಿದ ಅಡಿಕೆ ಸುಲಿದ ಸಿಪ್ಪೆಯಾದರೆ ಮೊದಲೇ ಒಣಗಿರುತ್ತದೆ. ಬರೀ ಸಿಪ್ಪೆ ಹಗುರ, ಬೇಗ ಬೂದಿಯಾಗುತ್ತದೆ, ಹಾಗಾಗಿ ತೆಂಗಿನ ಚಿಪ್ಪು, ಒಣ ಕಡ್ಡಿ ಬೆರೆಸುತ್ತೇನೆ. ಬಣ್ಣ ಬಳಿದ ಮರ, ಪ್ಲಾಸ್ಟಿಕ್ ಒಂದು ತುಂಡೂ ಸೇರಬಾರದು.

ಬಾಯಿ ಅಗಲ, ತಳ ಕಿರಿದಾದ ಗುಂಡಿ, ಮೂರು ಅಡಿ ಆಳ. ತಳದಲ್ಲಿ ಕಡ್ಡಿ ಹಾಕಿ ಬೆಂಕಿ ಹಿಡಿಸಿ, ತೆಳುವಾಗಿ ಒಂದು ಪದರ ಸಿಪ್ಪೆ ಹಾಕಬೇಕು. ಆ ಪದರದ ಅಂಚಿನಲ್ಲಿ ಬಿಳಿ ಬೂದಿ ಕಾಣಿಸಲು ಶುರುವಾದ ಕೂಡಲೇ ಮುಂದಿನ ಪದರ. ಮೇಲೆ ಉರಿಯುವ ಜ್ವಾಲೆ ಗಾಳಿಯ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗುತ್ತದೆ. ಹೊಗೆ ಬಂತೆಂದರೆ ಸಿಪ್ಪೆ ಹಸಿಯಿದೆ ಇಲ್ಲವೇ ಪದರ ದಪ್ಪವಾಯಿತು ಎಂದರ್ಥ, ಕೈ ತಡೆಯಬೇಕು. ಗುಂಡಿ ತುಂಬಿದ ಮೇಲೆ ಧಾರಾಳ ನೀರು ಸುರಿದು ಪೂರ್ತಿ ಆರಿಸಬೇಕು. ಒಳಗೆ ಒಂದು ಕೆಂಡ ಉಳಿದರೂ ಬೆಳಗಾಗುವಷ್ಟರಲ್ಲಿ ಎಲ್ಲ ಬೂದಿ. ಬೆರಳಲ್ಲಿ ಉಜ್ಜಿ ನೋಡಿ. ಬರೀ ನೀರಿಗೆ ಮಸಿ ಹೋದರೆ ಚೆನ್ನಾಗಿ ಸುಟ್ಟಿದೆ. ಜಿಡ್ಡಾಗಿ ಅಂಟಿ ಸೋಪು ಕೇಳಿದರೆ ಅದು ಅರೆಬೆಂದಿದ್ದು, ಮತ್ತೆ ಗುಂಡಿಗೇ ಹೋಗಬೇಕು.

ಹೊಸ ಇದ್ದಿಲನ್ನು ಹಾಗೇ ಮಣ್ಣಿಗೆ ಹಾಕಿದರೆ ಅದು ಸಾರಜನಕವನ್ನೂ ಹಿಡಿದಿಟ್ಟುಕೊಂಡು ಗಿಡ ಹಳದಿಯಾಗುತ್ತದೆ. ಅದಕ್ಕೆ ಪುಡಿ ಮಾಡಿ, ಗೋಬರ್ ಗ್ಯಾಸಿನ ಸ್ಲರಿಯಲ್ಲಿ ಎರಡು ಮೂರು ವಾರ ನೆನೆಸುತ್ತೇನೆ. ಪುಡಿ ಮಾಡುವಾಗ ಇದ್ದಿಲು ತೇವವಾಗಿರಲಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಮಳೆ ನಿಂತ ಮೇಲೆ, ಬುಡದಿಂದ ಎರಡಡಿ ದೂರದಲ್ಲಿ ಸುತ್ತಲೂ ಮರಕ್ಕೆ ಎರಡು ಮೂರು ಕೆಜಿಯಂತೆ ಹರಡಿ, ಬೇರು ಕಡಿಯದಂತೆ ಮೇಲುಮೇಲೆ ಕೆದಕಿ ಬೆರೆಸುತ್ತೇನೆ. ಸಸಿಯಾದರೆ ನೆಡುವ ಗುಂಡಿಯ ಮಣ್ಣಿಗೇ ಕಲಸುವುದು ಒಳ್ಳೆಯದು. ಹೋಲಿಸಿ ನೋಡಲು ಒಂದು ಸಾಲನ್ನು ಹಾಗೇ ಬಿಟ್ಟಿದ್ದೆ.

ಎರಡು ಮಳೆಗಾಲ ಕಳೆದ ಮೇಲೆ ಎರಡೂ ಸಾಲಿನ ಮಣ್ಣು ಪರೀಕ್ಷೆ ಮಾಡಿಸಿದೆ. ಒಟ್ಟು ತಾಮ್ರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಇರಲೂಬಾರದು. ಆದರೆ ಇದ್ದಿಲು ಹಾಕಿದ ಸಾಲಿನಲ್ಲಿ ಗಿಡಕ್ಕೆ ಸಿಗುವ ತಾಮ್ರ ಸ್ಪಷ್ಟವಾಗಿ ಇಳಿದಿತ್ತು, ರಸಸಾರ 6ರ ಹತ್ತಿರ ಬಂದಿತ್ತು. ಪರೀಕ್ಷೆಗೆ ಕೊಡುವವರು ಈ ಎರಡು ತಾಮ್ರವನ್ನೂ ಬೇರೆಬೇರೆಯಾಗಿ ಕೇಳಿ ಬರೆಸಿಕೊಳ್ಳಿ. ಅದೇ ಸಾಲಿನಲ್ಲಿ ಎರಡನೇ ಸಲ ನೆಟ್ಟ ಸಸಿಗಳಿಗೆ ಬಿಳಿ ಬೇರು ಒಡೆಯಿತು. ತರಗೆಲೆಯ ಕೆಳಗೆ ಎರೆಹುಳುವಿನ ಹಿಕ್ಕೆ ಕಂಡ ದಿನ ನನಗಾದ ಖುಷಿ ಯಾವ ವರದಿಯಿಂದಲೂ ಆಗಿರಲಿಲ್ಲ.

ಎಲ್ಲ ವಿಷಕ್ಕೂ ಇದೇ ಮದ್ದಲ್ಲ. ಸೀಸ, ಕ್ಯಾಡ್ಮಿಯಂಗೂ ಇದು ಆಗುತ್ತದೆ, ಆದರೆ ಆರ್ಸೆನಿಕ್ ಇರುವ ಮಣ್ಣಿಗೆ ಮಾಮೂಲಿ ಇದ್ದಿಲು ಹಾಕಿದರೆ ಅದು ಇನ್ನಷ್ಟು ಸಡಿಲವಾಗುವ ಅಪಾಯವಿದೆ. ತಾಮ್ರದ ವಿಷಯದಲ್ಲೂ ಮಣ್ಣು ಮತ್ತೆ ಹುಳಿಯಾದರೆ ಹಿಡಿತ ಸಡಿಲಾಗುತ್ತದೆ, ಆದ್ದರಿಂದ ರಸಸಾರವನ್ನು ಆಗಾಗ ನೋಡುತ್ತಿರಬೇಕು.

ಮೇಲಿಂದ ಸುರಿಯುವುದನ್ನು ಕಡಿಮೆ ಮಾಡುವ ಕೆಲಸವೂ ಜೊತೆಗೇ ನಡೆದಿದೆ. ಮರ ಹತ್ತುವ ಕೊನೆಗೌಡರು ಸಿಕ್ಕಿದಷ್ಟು ಮರಕ್ಕೆ ಕೊಟ್ಟೆ (ಕೊನೆಗೆ ಮಳೆ ತಾಗದಂತೆ ಮುಚ್ಚುವ ಹೊದಿಕೆ) ಕಟ್ಟಿಸುತ್ತೇನೆ, ಉಳಿದವಕ್ಕೆ ಮಾತ್ರ ಔಷಧಿ. ಬೋರ್ಡೋ ಕಲಸಿದಾಗಲೆಲ್ಲ ಉಜ್ಜಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡುತ್ತೇನೆ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಇನ್ನೂ ಸಡಿಲವಾಗಿದೆ ಎಂದರ್ಥ. ಅಲಗು ಮೊದಲಿನಂತೆ ಉಳಿಯುವ ತನಕ ಸುಣ್ಣದ ತಿಳಿ ಸೇರಿಸಿ, ಆಮೇಲೆ ಮರ ಹತ್ತಿಸುತ್ತೇನೆ.